ಚಿರುತೆ ಹಚ್ಚಿಕೊಂಡ ದೀಪ

ಕೊಚ್ಚಿಯ ಯಹೂದಿ ಸಾಹುಕಾರ ಎಲಿಯಾಹು ಶುಕ್ರವಾರ ಬೆಳಿಗ್ಗೆ ಅಡುಗೆಯ ಹೆಂಗಸು ಚಿರುತೆಗೆ, "ಯಹೂದಿಗಳಲ್ಲದ ನಿಮಗೆ ಸ್ವರ್ಗದಲ್ಲಿ ಜಾಗವಿಲ್ಲ" ಎಂದು ಜಂಬದಿಂದ ಹೇಳಿದ್ದ. ಸಂಜೆ, ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಊಟಕ್ಕೆ ನೆಂಟರು ಕೂತರು. ತಟ್ಟೆಗೆ ಮುಳ್ಳಿನ ಮೀನು ಬಿದ್ದದ್ದೇ ತಡ, ಗಾಳಿಗೆ ದೀಪ ಆರಿತು. ಸಬ್ಬತ್ತಿನಲ್ಲಿ ಯಹೂದಿ ದೀಪ ಹಚ್ಚುವಂತಿಲ್ಲ, ಹಚ್ಚು ಎನ್ನುವಂತೆಯೂ ಇಲ್ಲ. ಬೇರೆ ಧರ್ಮದವರು ತಮಗಾಗಿ ಹಚ್ಚಿಕೊಂಡರೆ ಆ ಬೆಳಕಲ್ಲಿ ಉಣ್ಣಬಹುದು.

"ಎಷ್ಟು ಕತ್ತಲೆ" ಎಂದು ಎಲಿಯಾಹು ಕೆಮ್ಮಿದ.

ಚಿರುತೆ ಇದನ್ನೇ ಕಾಯುತ್ತಿದ್ದಳು. "ಸ್ವರ್ಗವಿಲ್ಲದವಳಿಗೆ ಈಗಲೇ ಕತ್ತಲೆ ರೂಢಿಯಾಗಲಿ ಧಣಿ."

ನೆಂಟರು ಗೊಳ್ಳೆಂದರು. ಮುಳ್ಳು ನುಂಗಿದವನಂತೆ ಎಲಿಯಾಹು ಹೇಳಿದ, "ಯಾವ ಜನಾಂಗದವರೇ ಆಗಲಿ, ನೀತಿವಂತರಿಗೆ ಅಲ್ಲಿ ಪಾಲಿದೆ. ನಮ್ಮ ಗ್ರಂಥದಲ್ಲೇ ಇದೆ."

"ಹಾಗಾದರೆ ನಾನು ಕಣ್ಣಾರೆ ನೋಡಬೇಕು" ಎಂದು ಚಿರುತೆ ತನಗಾಗಿಯೇ ದೀಪ ಹಚ್ಚಿಕೊಂಡಳು. "ಮೊದಲು ಗ್ರಂಥ ತೆಗೆಯಿರಿ ಧಣಿ. ಮೀನು ಆಮೇಲೆ."