ಸಾದಾ ಬಿಲ್ಲೆ

ನದಿಯ ದಂಡೆಯ ಮೇಲೆ ಒಂದು ಪ್ರಯೋಗಶಾಲೆ. ಅಲ್ಲಿ ಇಂದುಮತಿ ಅಕ್ಕೋರು ಗುರು, ಸಂಗನಬಸು ಶಿಷ್ಯ.

ಶಿಷ್ಯನ ಕೆಲಸ ಕೇಳಿದರೆ ನಗು ಬಂದೀತು. ಅವನು ಸೂಜಿ ಬೆಳೆಯುತ್ತಿದ್ದ! ಬಿಸಿ ದ್ರಾವಣದಲ್ಲಿ ಗಾಜಿನ ಬಿಲ್ಲೆ ಇಳಿಬಿಟ್ಟರೆ ಅದರ ಮೈಮೇಲೆ ಸತುವಿನ ಆಕ್ಸೈಡು ಸೂಜಿ ಸೂಜಿಯಾಗಿ ಏಳುತ್ತಿತ್ತು, ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿ. ಆ ಸೂಜಿಗೆ ಕಾಂತಗುಣವಿಲ್ಲ. ಚಿಟಿಕೆ ಕೋಬಾಲ್ಟು ಬೆರೆಸಿ ಬೆಳೆದರೆ ಬಂದೀತೇ ಎಂಬುದೇ ಅವನ ಹುಡುಕಾಟ.

ಬಂತು! ಅಳೆಯುವ ಯಂತ್ರದಲ್ಲಿಟ್ಟಾಗ ಪರದೆಯ ಮೇಲಿನ ಗೆರೆ ಕುಣಿಕೆಯಾಗಿ ಬಿಚ್ಚಿಕೊಂಡಿತು. ಗುಣವಿದ್ದರೆ ಕುಣಿಕೆ, ಇಲ್ಲದಿದ್ದರೆ ನೇರ ಗೆರೆ. ಸುದ್ದಿ ಹಬ್ಬಿತು. ಅದನ್ನು ಕೇಳಲು ವಿದ್ವಾಂಸರ ಸಭೆಯೇ ಗೊತ್ತಾಯಿತು.

ಸಭೆಗೆ ಒಂದು ದಿನವಿರುವಾಗ ಸಂಗನಬಸು ಕೋಬಾಲ್ಟಿಲ್ಲದ ಸಾದಾ ಬಿಲ್ಲೆಯನ್ನೂ ಅಳೆದ. ಮೊದಲೇ ಅಳೆಯಬೇಕಾಗಿತ್ತು. ಖುಷಿಯಲ್ಲಿದ್ದವನಿಗೆ ಪುರುಸೊತ್ತೆಲ್ಲಿ?

ಅದರಲ್ಲೂ ಕುಣಿಕೆ.

ಸಾದಾ ಬಿಲ್ಲೆಗೂ ಅದೇ ಗುಣವಿದ್ದರೆ ಕೋಬಾಲ್ಟಿನ ಹೆಚ್ಚುಗಾರಿಕೆ ಏನು ಬಂತು? ಇಷ್ಟು ವರ್ಷ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವನದು ಹೋಗಲಿ, ಅಕ್ಕೋರ ಹೆಸರು? ಸರ್ರನೆ ಯಂತ್ರ ಆರಿಸಿದ. ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಅಕ್ಕೋರು ಬಂದರು.

"ಸಾದಾ ಬಿಲ್ಲೆ ಅಳದಿ ಏನೋ ತಮ್ಮಾ?"

"ಅಳದೀನ್ರಿ ಅಕ್ಕಾರ."

"ಏನ್ ಬಂತು?"

"ಏನೂ ಬರಲಿಲ್ರಿ."

ಅಂದ ಮೇಲೆ ಸುಮ್ಮನಿರಬೇಕೋ ಬೇಡವೋ? ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆರಿಸಿದ ಪರದೆಯತ್ತ ಎರಡು ಸಲ ನೋಡಿದ.

ಅಕ್ಕೋರು ಬೈಯಲಿಲ್ಲ. ಸೂಜಿಯನ್ನೇ ಬೆಳೆಯದ ಬರೀ ಗಾಜಿನ ಬಿಲ್ಲೆಯೊಂದನ್ನು ತೆಗೆದುಕೊಂಡರು. ಬಿಲ್ಲೆ ಎತ್ತಿಡಲು ಅವನು ದಿನವೂ ಬಳಸುವ ಉಕ್ಕಿನ ಚಿಮಟದಿಂದ ಅದರ ಅಂಚು ಹಿಡಿದು ಯಂತ್ರದೊಳಗಿಟ್ಟರು.

"ಚಾಲೂ ಮಾಡು."

ಅವನ ಬೆರಳು ಗುಂಡಿಯ ಮೇಲೆ ನಿಲ್ಲಲೊಲ್ಲದು. ಹೇಗೋ ಒತ್ತಿದ. ಗೆರೆ ತೆವಳಿತು, ಬಾಗಿತು, ಕುಣಿಕೆಯಾಗಿ ಬಿಚ್ಚಿಕೊಂಡಿತು.

"ಇದರ ಮ್ಯಾಲೆ ಸತು ಇಲ್ಲ, ಕೋಬಾಲ್ಟ್ ಇಲ್ಲ," ಎಂದರು ಅಕ್ಕೋರು. "ಮತ್ತ ಇದು ಯಾರ ಗುಣ?"

ಸಂಗನಬಸು ಚಿಮಟವನ್ನು ನೋಡಿದ. ಉಕ್ಕು ಗಾಜಿಗೆ ಉಜ್ಜಿ, ಅಂಚಿಗೆ ಕಬ್ಬಿಣದ ಕಣ ಅಂಟಿತ್ತು. ಅಯ್ಯೋ ಶಿವನೇ! ಇಷ್ಟು ದಿನ ತಾನು ಅಳೆದದ್ದು ತನ್ನ ಚಿಮಟವನ್ನು.

"ಮುಂಜಾನೆ ಸಾದಾ ಬಿಲ್ಲೆದಾಗೂ ಹಿಂಗ ಬಂದಿತ್ರಿ," ಎಂದ. "ನಿಮಗ ಸುಳ್ಳ ಹೇಳಿದೆ. ಹೆದರಿದ್ದೆನ್ರಿ."

ಅಕ್ಕೋರು ಪ್ಲಾಸ್ಟಿಕ್ ಚಿಮಟವೊಂದನ್ನು ಅವನ ಕೈಗೆ ಕೊಟ್ಟರು.

"ದ್ರಾವಣದಾಗ ಇನ್ನೂ ಉಕ್ಕಿನ ಚಿಮಟ ಹಚ್ಚದ ಬಿಲ್ಲೆ ಅವ. ಕೋಬಾಲ್ಟ್ ಇದ್ದದ್ದು ಒಂದು ತಗಿ. ಇದರಿಂದ."

ಇದೊಂದರಲ್ಲಾದರೂ ಕುಣಿಕೆ ಬರಲಿ ಎಂದು ಮನೆದೇವರನ್ನು ನೆನೆದ. ಬಿಲ್ಲೆಯನ್ನು ತೆಗೆದು, ತೊಳೆದು, ಆರಿಸಿ, ಯಂತ್ರದೊಳಗಿಟ್ಟ.

ಗೆರೆ ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಯಿತು. ಎಲ್ಲೂ ಬಾಗಲಿಲ್ಲ.

ಅವನು ನೆಲದ ಮೇಲೆ ಕುಸಿದು ಕೂತ. ಅಳು ಬಂತು, ಅತ್ತ. ಅಕ್ಕೋರು ಅವನನ್ನು ಅಳಲು ಬಿಟ್ಟರು.

"ನಾಳೆ ಸಭಾದಾಗ ಏನ್ ಹೇಳ್ತೀರಿ ಅಕ್ಕಾರ?"

"ನಾ ಯಾಕ ಹೇಳಲಿ? ನೀ ಹೇಳ್ತಿ. ಇವತ್ತ ಕಂಡದ್ದು ಕಂಡಂಗ."

"ನಾನ? ಅಷ್ಟ ಮಂದಿ ಮುಂದ? ನನ್ನ ಹರದು ತಿಂತಾರ್ರಿ!"

"ತಿನ್ನಬಹುದು."

"ಸಭಾ ಮುಂದಕ್ಕ ಹಾಕ್ರಿ ಅಕ್ಕಾರ. ಸ್ವಲ್ಪ ಧೈರ್ಯ ಬರಲಿ."

"ಧೈರ್ಯ ಬಂದ ಮ್ಯಾಲ ಹೇಳ್ತೀನಿ ಅಂದವರು ಯಾರೂ ಹೇಳಿದ್ದು ನಾ ನೋಡಿಲ್ಲ."

ಅವನು ಆ ನೇರ ಗೆರೆಯನ್ನು ಇನ್ನೊಮ್ಮೆ ನೋಡಿದ. ಕೈ ನಡುಗುತ್ತಲೇ ಇತ್ತು. ಆ ಕೈಯಿಂದಲೇ ಆ ಗೆರೆ ಅಚ್ಚಾಗಿ ಬಂದ ಹಾಳೆಯನ್ನು ಯಂತ್ರದಿಂದ ಹರಿದುಕೊಂಡು, ನಾಳೆಗೆಂದು ಅಂಗಿಯ ಜೇಬಿಗಿಟ್ಟುಕೊಂಡ. ಆಮೇಲೆ ಕೇಳಿದ.

"ನಿಮಗ ಈ ಹೆದರಿಕಿ ಯಾವಾಗ ಹೋತ್ರಿ ಅಕ್ಕಾರ?"

ಅಕ್ಕೋರು ತಮ್ಮ ಬಲಗೈ ಚಾಚಿ ಅವನ ಕಣ್ಣ ಮುಂದೆ ಹಿಡಿದರು. ಅದೂ ನಡುಗುತ್ತಿತ್ತು.

"ನಾಳೆ ನೀ ಮಾತಾಡಿ ಮುಗಿಸಿದ ಮ್ಯಾಲೆ ಹೋಗ್ತದ."