ಜುಂಜನ ಸವರುಗೋಲು

ಮಾರಭೂಪಾಲ ಎಣ್ಣೆಗೆರೆ ಸೀಮೆಯ ಪಟ್ಟಕ್ಕೆ ಬಂದ ನಾಲ್ಕನೆಯ ವರ್ಷ, ಪುಷ್ಯ ಮಾಸದ ಮೊದಲ ಸೋಮವಾರ, ಅರಮನೆಯ ಡಂಗುರ ಹೊರಟಿತು.

“ಕೇಳ್ರಪ್ಪೋ ಕೇಳಿ! ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದೊಂದನ್ನು ಪಡೆಯಬಹುದು. ಒಂದು ತಪ್ಪಿದರೂ ಸೆರೆ, ಅಮಾವಾಸ್ಯೆಗೆ ತಲೆದಂಡ. ತೆರಿಗೆ ಈ ವರ್ಷವೂ ಏರಿಲ್ಲ, ಮನೆಗೆ ಐದೇ ಕೊಳಗ ರಾಗಿ. ಕೇಳ್ರಪ್ಪೋ!”

ಸಂತೆಯಲ್ಲಿ ಕಾಳು ಅಳೆದುಕೊಡುವ ಜುಂಜ ಕೊನೆಯ ಮಾತಿಗೆ ಕಿವಿ ನಿಮಿರಿಸಿದ. ಏರದ ತೆರಿಗೆಯನ್ನು ಒಗಟಿನ ಡಂಗುರದಲ್ಲಿ ಯಾಕೆ ಸಾರಬೇಕು?

ಅವನಣ್ಣ ಈರಬೊಮ್ಮ ಅರಮನೆಯ ಕಣಜದ ಅಳತೆಗಾರ. “ಈ ಅಳತೆ ಸರಿಯಿಲ್ಲ” ಎಂದದ್ದಕ್ಕೆ ಒಂದು ತಿಂಗಳಿನಿಂದ ಸೆರೆಯಲ್ಲಿದ್ದ. ಅವನನ್ನು ಬಿಡಿಸಲು ಜುಂಜನಿಗೆ ಬೇರೆ ದಾರಿ ಇರಲಿಲ್ಲ. ಕೊಳಗದ ಬಾಯಿಗೆ ಸಮನಾಗಿ ಕಾಳು ಸವರುವ ಮೊಳದುದ್ದದ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ.

ಕೋಟೆಗೆ, ಕಡಲಿಂದ ಉಪ್ಪು ಬರುವ ಉಪ್ಪಿನ ದಾರಿಯಲ್ಲಿ, ಎರಡು ದಿನದ ನಡಿಗೆ. ಕಂಡದ್ದನ್ನೆಲ್ಲ ಎಣಿಸುವುದು ಅಳತೆಗಾರರ ಚಾಳಿ. ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನುವುದು ಅವರ ರೂಢಿ. ಜುಂಜ ಸುಂಕದಕಟ್ಟೆಗಳನ್ನು ಎಣಿಸುತ್ತ ನಡೆದ: ಲಾಭ, ಎರಡು, ಮೂರು, ನಾಲ್ಕು, ಐದು.

ಸಭೆಯಲ್ಲಿ ಅವನಿಗಿಂತ ಮುಂದೆ ಮೂವರು ನಿಂತಿದ್ದರು. ಅರಸ ಮೊದಲ ಒಗಟು ಕೇಳಿದ. “ಒಂದು ಬೆರಳಷ್ಟೂ ಬೆಳೆಯದೆ, ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು ಉಣ್ಣುತ್ತದೆ. ಏನದು?”

“ಬೆಂಕಿ, ಮಹಾಸ್ವಾಮಿ,” ಎಂದ ವರ್ತಕನ ಮಗ.

“ಬೆಂಕಿ ಉಂಡಷ್ಟೂ ಬೆಳೆಯುತ್ತದೆ. ಒಯ್ಯಿರಿ.”

“ಮನುಷ್ಯನ ಆಸೆ,” ಎಂದರು ಪಂಡಿತರು.

“ಅದೂ ಬೆಳೆಯುತ್ತದಲ್ಲ, ಪಂಡಿತರೇ. ಒಯ್ಯಿರಿ.”

ಮೂರನೆಯವನು ಕಣಜದ ಅಧಿಕಾರಿಯ ಅಳಿಯ. ನಗುತ್ತ ಬಾಯಿ ತೆರೆದವನು ಮಂತ್ರಿ ಕೇತಯ್ಯನ ಮುಖ ನೋಡಿ ಬಾಯಿ ಮುಚ್ಚಿದ. “ಗೊತ್ತಿಲ್ಲ,” ಎಂದ. ಅವನನ್ನೂ ಒಯ್ದರು.

ಇವನಿಗೆ ಗೊತ್ತಿತ್ತು, ಎಂದುಕೊಂಡ ಜುಂಜ. ಗೊತ್ತಿದ್ದೂ ತಲೆ ಕೊಡಲು ಒಪ್ಪಿದ. ಹಾಗಾದರೆ ಉತ್ತರ ಹೇಳುವುದು ಹೇಳದಿರುವುದಕ್ಕಿಂತ ಅಪಾಯ. ಡಂಗುರ ಜಾಣರನ್ನು ಹುಡುಕುತ್ತಿಲ್ಲ. ಗುಟ್ಟು ತಿಳಿದವರು ಇನ್ನೂ ಯಾರಿದ್ದಾರೆ ಎಂದು ಹುಡುಕುತ್ತಿದೆ. ನಾಲ್ಕು ಗೋಡೆಯೊಳಗೆ ಹೇಳಿದರೆ ಗುಟ್ಟೂ ನಾನೂ ಇಲ್ಲೇ ಉಳಿಯುತ್ತೇವೆ.

“ಬುದ್ಧೀ, ಉತ್ತರವನ್ನು ಕಣಜದ ಬಾಗಿಲಲ್ಲಿ ತೋರಿಸುತ್ತೇನೆ.”

ಕೇತಯ್ಯ ಗದರಿದ. “ಯಾಕಯ್ಯ, ಇಲ್ಲಿ ನಾಲಿಗೆ ಹೊರಳೋದಿಲ್ವೋ?”

“ನಾಲಿಗೆ ಸುಳ್ಳು ಹೇಳೀತು, ಸ್ವಾಮಿ. ಕೊಳಗ ಹೇಳೋದಿಲ್ಲ.”

ಸಭೆಯ ಕಣ್ಣೆಲ್ಲ ತನ್ನ ಮೇಲಿದ್ದುದರಿಂದ ಅರಸ ಎದ್ದು ಬಂದ.

ಕಣಜದ ಮುಂದೆ ರಾಗಿ ಚೀಲ ಹೊತ್ತ ಜನ ಸಾಲುಗಟ್ಟಿದ್ದರು. “ಏನೋ ಮಗಾ,” ಎಂದಳು ಒಬ್ಬ ಮುದುಕಿ, “ಹೆಗಲ ಮೇಲೆ ತಲೆ ಭಾರ ಆಯ್ತೇನೋ?”

“ನಿನ್ನ ಚೀಲದಷ್ಟಲ್ಲ ಅಜ್ಜಿ. ಇಳಿಸು.”

ಆಳು ಎಂದಿನಂತೆ ಗೋಪುರ ಏಳುವ ಹಾಗೆ ಕೊಳಗ ತುಂಬಿದ. ಜುಂಜ ಕೋಲೆಳೆದ. ಗೋಪುರ ಕೆಳಗೆ ಹಾಸಿದ್ದ ಬಟ್ಟೆಗೆ ಬಿತ್ತು. “ಲಾಭ,” ಎಂದ. ಎರಡರಿಂದ ಜನವೂ ದನಿಗೂಡಿಸಿದರು. ಐದು ಮುಗಿದ ಮೇಲೆ ಬಟ್ಟೆಯಲ್ಲಿ ಬಿದ್ದದ್ದನ್ನು ಖಾಲಿ ಕೊಳಗಕ್ಕೆ ಸುರಿದ. ಬಾಯಿಮಟ್ಟ ತುಂಬಿತು.

“ಆರು!” ಎಂದಳು ಮುದುಕಿ.

“ಕೊಳಗ ಬೆಳೆದಿಲ್ಲ, ಬುದ್ಧೀ. ಹೋದ ವರ್ಷ ಸವರಿ ಅಳೆದರು, ಈ ವರ್ಷ ಗೋಪುರ ಏರಿಸಿ ಅಳೆಯುತ್ತಾರೆ. ಹೆಚ್ಚು ಉಣ್ಣುವುದು ಅರಮನೆಯ ಕೊಳಗ.”

ಅರಸನ ಹುಬ್ಬು ಅಲುಗಲಿಲ್ಲ. “ಎರಡನೆಯದು. ಕಡಲ ದಂಡೆ ಬಿಟ್ಟಾಗ ಒಂದು ಹಿಡಿ, ಊರು ಸೇರಿದಾಗಲೂ ಒಂದು ಹಿಡಿ. ಬೆಲೆ ಮಾತ್ರ ದಾರಿಯಲ್ಲಿ ಆರು ಪಟ್ಟು ಕೊಬ್ಬುತ್ತದೆ. ಏನದು?”

“ಉಪ್ಪು. ಕಡಲಲ್ಲಿ ಹಿಡಿಗೆ ಒಂದು ಕಾಸು, ಒಂದೊಂದು ಕಟ್ಟೆಯಲ್ಲಿ ಒಂದೊಂದು ಕಾಸು ಸುಂಕ. ಐದು ಕಟ್ಟೆ ನಾನೇ ಎಣಿಸಿದ್ದೇನೆ.”

“ಅದಕ್ಕೇ ನಮ್ಮನೆ ಸಾರು ಸಪ್ಪೆ!” ಎಂದು ಸಾಲಿನಿಂದ ಯಾರೋ ಕೂಗಿದರು. ಜನ ನಕ್ಕರು. ಕೇತಯ್ಯ ಕೂಗಿದವನನ್ನು ಕಣ್ಣಲ್ಲೇ ಹುಡುಕಿದ.

“ಮೂರನೆಯದು. ಅದರ ಮೇಲೆ ಯಾರೂ ನಡೆದಿಲ್ಲ. ಆದರೂ ಸೀಮೆಯ ಎಲ್ಲ ಬೆನ್ನುಗಳೂ ಅದರ ಭಾರಕ್ಕೆ ಬಾಗಿವೆ.”

ಇದನ್ನು ಹೇಳಿದರೆ ಹಿಂದಕ್ಕೆ ಹೋಗುವಂತಿಲ್ಲ. ಜುಂಜ ಜನರ ಕಡೆ ತಿರುಗಿ ನಿಂತೇ ಹೇಳಿದ. “ಸುಳಿಹೊಳೆಯ ಸೇತುವೆ. ಮೂರು ವರ್ಷ ಅದರ ಹೆಸರಲ್ಲಿ ತೆರಿಗೆ ಕೊಟ್ಟೆವು. ಹೊಳೆಯನ್ನು ಇವತ್ತಿಗೂ ದೋಣಿಯಲ್ಲೇ ದಾಟುತ್ತೇವೆ.”

“ಕಲ್ಲು ಕಡಿಸಿದ್ದೇವಲ್ಲ?” ಎಂದ ಕೇತಯ್ಯ.

“ಹೌದು ಸ್ವಾಮಿ. ಒಂದೊಂದರ ಮೇಲೂ ಕಲ್ಲುಕುಟಿಗರು ಸೇತುವೆಯ ಗುರುತು ಕೊರೆದಿದ್ದಾರೆ. ಅರಮನೆಯ ಹೊಸ ಉಪ್ಪರಿಗೆಯ ಗೋಡೆ ನೋಡಿ.”

ನೂರಾರು ತಲೆಗಳು ಒಟ್ಟಿಗೆ ಮೇಲಕ್ಕೆ ತಿರುಗಿದವು. ಯಾರೂ ನಗಲಿಲ್ಲ.

ಅರಸನೊಬ್ಬನೇ ನಕ್ಕ. ಆ ನಗೆಯನ್ನು ಜುಂಜ ನಂಬಲಿಲ್ಲ.

“ಮೂರೂ ಸರಿ. ಏನು ಬೇಕು? ಒಂದೇ ಕೇಳು.”

ಅಣ್ಣನನ್ನು ಕೇಳಲೆಂದೇ ಅವನು ಬಂದಿದ್ದ. ಆದರೆ ಒಬ್ಬನನ್ನೇ ಬಿಟ್ಟರೆ ಮತ್ತೆ ಹಿಡಿಯುವುದು ಸುಲಭ. “ಸೆರೆಮನೆಯ ಬಾಗಿಲು ತೆರೆಯಬೇಕು, ಬುದ್ಧೀ. ಎಲ್ಲರಿಗೂ.”

ಅರಸ ತಲೆಯಾಡಿಸಿದ. ಅಲ್ಲೇ ಡಂಗುರ ಹೊಡೆಸಿದ: ಇನ್ನು ಕೊಳಗ ಸವರಿ ಅಳೆಯಬೇಕು, ಪ್ರತಿ ಕಟ್ಟೆಯಲ್ಲೂ ಉಪ್ಪಿನ ಸುಂಕ ಅರ್ಧ ಕಾಸು. ಜನ ಜಯಕಾರ ಹಾಕಿದರು. ಸೇತುವೆಯ ಮಾತು ಡಂಗುರದಲ್ಲಿ ಬರಲಿಲ್ಲ. ಬಿಡುಗಡೆಯ ಓಲೆಗೆ ಮುದ್ರೆ ಬೀಳಲು ಎಂಟು ದಿನ ಬೇಕು ಎಂದ ಕೇತಯ್ಯ. ಯಾಕೆ ಎಂಟು ದಿನ ಎಂದು ಹೇಳಲಿಲ್ಲ.

ಒಂಬತ್ತನೆಯ ದಿನ ಅಣ್ಣತಮ್ಮಂದಿರು ಉಪ್ಪಿನ ದಾರಿ ಹಿಡಿದರು. ಈರಬೊಮ್ಮ ಬಡವಾಗಿದ್ದ, ಆದರೂ ಮಾತಿಗೆ ಕೊರತೆ ಇರಲಿಲ್ಲ. “ಸುಂಕ ಅರ್ಧ ಮಾಡಿಸಿದೆಯಂತಲ್ಲೋ ತಮ್ಮಾ! ಇನ್ನು ಉಪ್ಪಿಗೆ ಸುರಿಯುವುದರಲ್ಲಿ ಅರ್ಧ ಉಳೀತು.”

“ಊರು ಸೇರೋಣ ಅಣ್ಣ. ಆಮೇಲೆ ಹೇಳ್ತೀನಿ.”

ಪ್ರತಿ ಹಳೆಯ ಕಟ್ಟೆಯ ಆಚೆಗೂ ಹಸಿ ಬಿದಿರಿನ ಒಂದೊಂದು ಹೊಸ ಸುಂಕದ ಗಳು ದಾರಿಗೆ ಅಡ್ಡ ನಿಂತಿತ್ತು. ಪ್ರತಿ ಗಳುವಿನ ಬಳಿಯೂ ಒಬ್ಬ ಕಾವಲುಗಾರ ಉಪ್ಪು ಹೊತ್ತವರ ಮುಂದೆ ಅರ್ಧ ಕಾಸಿಗೆ ಕೈ ನೀಡುತ್ತಿದ್ದ. ಈರಬೊಮ್ಮನ ಮಾತು ನಿಂತುಹೋಯಿತು. ಜುಂಜ ಮೊದಲನೆಯದಕ್ಕೆ ಲಾಭ ಎನ್ನಲಿಲ್ಲ. ಒಂದು ಎಂದೇ ಶುರುಮಾಡಿದ.

ಊರಿನ ಗಡಿಕಲ್ಲು ಬಂತು.

“ಹಳೇವೂ ಹೊಸವೂ ಸೇರಿ ಎಷ್ಟಾಯ್ತೋ?” ಎಂದ ಈರಬೊಮ್ಮ.

“ಹತ್ತು.”