ಬಿಚ್ಚುಗಣ್ಣಿ ದಿಣ್ಣೆ

ಹುರುಳಿಹಾಳಿನ ಪಡುವಲಿಗೆ, ಊರಹೊಲಗಳನ್ನು ದಾಟಿದ ಮೇಲೆ ಒಂದು ದಿಣ್ಣೆ ಸಿಗುತ್ತದೆ. ಗುಡ್ಡವೆನ್ನುವಷ್ಟು ಎತ್ತರವಿಲ್ಲ, ಬಯಲೆಂದು ಬಿಡುವ ಹಾಗೂ ಇಲ್ಲ. ಬಂದರೆ ಎಂಬ ಕುರುಚಲು ಗಿಡ, ಕಾರೆಮುಳ್ಳು, ಬಿಸಿಲಿಗೆ ಬಿರಿದ ಕಲ್ಲು, ಇಷ್ಟೇ ಅಲ್ಲಿಯ ಸಂಪತ್ತು. ನೆತ್ತಿಯ ಮೇಲೆ ಆಳೆತ್ತರದ ಒಂದು ಕಲ್ಲು ನಿಂತಿದೆ. ಅದೇ ನಮ್ಮ ಬಿಚ್ಚುಗಣ್ಣಿಯಮ್ಮ. ಆ ತಾಯಿಗೆ ಗುಡಿಯಿಲ್ಲ, ಪೂಜಾರಿಯಿಲ್ಲ, ಕಾಣಿಕೆಯ ಹುಂಡಿಯೂ ಇಲ್ಲ. ಅರಿಶಿನ ಕುಂಕುಮ ಬಳಿದ ಕಲ್ಲಿಗೆ ದನ ಕಟ್ಟುವ ಹಗ್ಗಗಳನ್ನು ಬುಡದಿಂದ ತಲೆಯವರೆಗೆ ಸುತ್ತಿರುತ್ತಾರೆ. ಆ ಹಗ್ಗಕ್ಕೆ ನಮ್ಮ ಕಡೆ ಕಣ್ಣಿ ಎನ್ನುತ್ತಾರೆ. ಹಳೆಯ ಕಣ್ಣಿಗಳು ಕೊಳೆತು ಉದುರುತ್ತವೆ, ಹೊಸವು ಬಂದು ಸೇರುತ್ತವೆ. ಒಂದಕ್ಕೂ ಗಂಟು ಹಾಕುವ ವಾಡಿಕೆಯಿಲ್ಲ. ಆಷಾಢದ ಗಾಳಿ ಹೆಂಚು ಹಾರಿಸಿದ ವರ್ಷವೂ ಅವು ಹಾರಿಹೋಗಲಿಲ್ಲ. ಅದು ತಾಯಿಯ ಇಚ್ಛೆ ಎಂದು ಹಿರಿಯರು ನಂಬಿದ್ದರು, ನಾನೂ ನಂಬಿದ್ದೇನೆ. ಅವಳಿಗೆ ಆ ಹೆಸರು ಬಂದ ಬಗೆಯನ್ನು ಕೇಳಿದವರಿಗೆ ನಾನು ಕೇಳಿದಂತೆಯೇ ಹೇಳುತ್ತೇನೆ.

ಹಿಂದೆ ಒಮ್ಮೆ, ದಿಣ್ಣೆಯ ಆಚೆ ಬದಿಗೆ ಮಾರನಗುಂಟೆ ಎಂಬ ಊರಿತ್ತಂತೆ. ಒಂದು ಬೇಸಿಗೆಯಲ್ಲಿ ಕೆಟ್ಟ ಜ್ವರ ಬಂದು ಮನೆಮನೆಯನ್ನೂ ಹೊಕ್ಕಿತು. ಉಳಿದವರು ದೇವರ ಪೆಟ್ಟಿಗೆ ಹೊತ್ತುಕೊಂಡು ದಿಕ್ಕಿಗೊಬ್ಬರಾದರು. ಹಾಗೆ ಹೊರಟವರಲ್ಲಿ ತಿಪ್ಪಯ್ಯನೆಂಬ ಒಕ್ಕಲಿನವನೂ ಅವನ ಹೆಂಡತಿ ಪಾಲಮ್ಮನೂ ತಮ್ಮ ಒಂದೇ ಹಸು ಕೆಂದಿಯನ್ನು ಹೊಡೆದುಕೊಂಡು ಹುರುಳಿಹಾಳಿಗೆ ಬಂದರು. ಊರಿನವರು ಕಲ್ಲೆದೆಯವರಲ್ಲ. ಪಾಳು ಬಿದ್ದ ಮನೆಗೆ ಮಾಡು ಹೊದಿಸಿ ಕೊಟ್ಟರು, ಹೊಸ ಬೆಳೆ ಬರುವವರೆಗೆ ರಾಗಿ ಅಳೆದು ಕೊಟ್ಟರು. ಆದರೆ ಹೊಲ ಕೊಡುವುದಕ್ಕೆ ಒಂದು ಕಟ್ಟಳೆಯಿತ್ತು. ಹೊರಗಿನಿಂದ ಬಂದ ಮನೆಯವರು ಗೂಟ ಹೊಡೆದು ದನ ಕಟ್ಟಬೇಕು. ಆ ದನ ನೆಲಕ್ಕೆ ಒಗ್ಗಿ ಯುಗಾದಿಯವರೆಗೆ ನಿಂತರೆ ಊರಗೌಡನು ಹೊಲದ ಮಣ್ಣನ್ನು ಆ ಮನೆಯ ಹೆಂಗಸಿನ ಮಡಿಲಿಗೆ ಹಾಕುತ್ತಿದ್ದ. ದನ ಹಳೆಯ ಊರಿನ ಕಡೆಗೆ ಓಡಿದರೆ, ನೆಲದ ತಾಯಿ ಆ ಮನೆಯನ್ನು ಒಪ್ಪಲಿಲ್ಲವೆಂದೇ ಲೆಕ್ಕ. ಮನುಷ್ಯ ಸುಳ್ಳು ಹೇಳಿಯಾನು, ದನ ಹೇಳದು ಎಂಬುದು ಅವರ ನಂಬಿಕೆ.

ಕೆಂದಿ ಓಡತೊಡಗಿತು. ವಾರಕ್ಕೊಮ್ಮೆಯೋ ಎರಡು ಸಲವೋ, ತಿಪ್ಪಯ್ಯ ಕೂಲಿಗೆ ಹೋಗಿದ್ದಾಗ, ಗೂಟ ಬರಿದಾಗಿರುತ್ತಿತ್ತು. ಪಾಲಮ್ಮ ಸೆರಗು ಬಿಗಿದು ಹುಡುಕಿಕೊಂಡು ಹೊರಡುವಳು. ಹಸು ದಿಣ್ಣೆಯ ನೆತ್ತಿಯಲ್ಲಿ, ಆ ಕಲ್ಲಿನ ಬಳಿ ಮೇಯುತ್ತಿರುತ್ತಿತ್ತು. ಸಂಜೆಯ ಹೊತ್ತಿಗೆ ಹಿಡಿದು ತರುವಳು. ತಿಪ್ಪಯ್ಯನಿಗೆ ತನ್ನ ಗಂಟಿನ ಮೇಲೆಯೇ ಅನುಮಾನ. ಪುಂಡಿನಾರನ್ನು ನೆನೆಹಾಕಿ, ಬಡಿದು, ಹೆಬ್ಬೆರಳಿನ ದಪ್ಪ ಕಣ್ಣಿ ಹೊಸೆದ. ಅದೂ ನಿಲ್ಲದಿರಲು ಇನ್ನೂ ದಪ್ಪನೆಯದು ಹೊಸೆದ. ಅರಳಿಕಟ್ಟೆಯವರಿಗೆ ಮಾತಿಗೆ ಗ್ರಾಸವಾಯಿತು.

“ಏನಯ್ಯಾ ತಿಪ್ಪಯ್ಯ, ಹಸು ಕಟ್ಟೋಕೆ ಹೊಸೀತಿದೀಯೋ, ಆನೆ ಕಟ್ಟೋಕೋ?”

“ತಾಳಿ ಗಂಟನ್ನಾದರೂ ಸರಿಯಾಗಿ ಹಾಕಿದೀಯೇನಪ್ಪಾ? ಒಂದ್ಸಲ ನೋಡಿಕೊಂಡು ಬಾ.”

ನಕ್ಕವರೇ ಸಂಜೆಗೆ ಗೌಡನ ಜಗಲಿಯಲ್ಲಿ ಬೇರೆ ದನಿಯಲ್ಲಿ ಮಾತಾಡಿದರು. ಓಬಣ್ಣಗೌಡ ಮೆದು ಮನಸ್ಸಿನವನಾದರೂ ಕಟ್ಟಳೆಗೆ ಕಟ್ಟುಬಿದ್ದವನು. ತಿಪ್ಪಯ್ಯನನ್ನು ಕರೆಸಿ, ಯುಗಾದಿ ಹತ್ತಿರ ಬಂತು, ಇನ್ನೊಂದು ಸಲ ಹಸು ಓಡಿದರೆ ಹೊಲದ ಆಸೆ ಬಿಟ್ಟು ಬೇರೆ ಊರು ನೋಡಿಕೊಳ್ಳಬೇಕಾದೀತು ಎಂದ. ತಿಪ್ಪಯ್ಯ ಮನೆಗೆ ಬಂದು ಆ ಮಾತನ್ನು ಹೆಂಡತಿಗೆ ಹೇಳಿ, ಉಣ್ಣದೆ, ಮತ್ತೊಂದು ಕಣ್ಣಿ ಹೊಸೆಯಲು ಕುಳಿತ. ಅವನ ಅಂಗೈ ಸುಲಿದು ಹೋಗಿತ್ತು. ಪಾಲಮ್ಮ ಅದಕ್ಕೆ ಎಣ್ಣೆ ಹಚ್ಚಿದಳು.

ಪಕ್ಕದ ಮನೆಯಲ್ಲಿ ಬೊಮ್ಮಜ್ಜಿ ಎಂಬ ಮುದುಕಿಯಿದ್ದಳು. ಊರಿನ ಬಾಣಂತನಗಳೆಲ್ಲ ಅವಳ ಕೈಯಲ್ಲೇ, ಮನುಷ್ಯರದೂ ದನಗಳದೂ. ಮರುದಿನ ಪಾಲಮ್ಮ ಸಗಣಿ ಬಾಚುತ್ತಿದ್ದಾಗ ಬಂದು ಗೂಟದ ಬಳಿ ಕುಳಿತು, ಕಣ್ಣಿಯನ್ನು ಸವರಿ ನೋಡಿದಳು.

“ಅಲ್ಲ ಕಣವ್ವಾ, ದನ ಓಡಿಹೋಗೋದನ್ನ ನಾನೂ ಕಂಡಿದೀನಿ. ಕಣ್ಣಿ ಹರೀತಾವೆ, ಗೂಟ ಕೀಳ್ತಾವೆ. ಗಂಟು ಬಿಚ್ಚಿ ಹೋಗೋ ಹಸೂನ ಇದೇ ಮೊದಲು ನೋಡ್ತಿರೋದು. ಇದಕ್ಕೆ ಬೆರಳು ಎಲ್ಲಿ ಬಂದಾವೋ!”

ಪಾಲಮ್ಮನ ಕೈಯ ಬುಟ್ಟಿ ಜಾರಿತು. ಬೊಮ್ಮಜ್ಜಿ ಗದರಲಿಲ್ಲ.

“ಏನು ಕಾಣ್ತದೆ ಆ ದಿಣ್ಣೆ ಮೇಲಿಂದ?”

“ನಮ್ಮ ಮನೆ ಮುಂದಿನ ಹುಣಸೆಮರ” ಎಂದಳು ಪಾಲಮ್ಮ. “ತುದಿ ಅಷ್ಟೇ. ಅದನ್ನ ನೋಡಿದ ದಿನ ಇಲ್ಲಿ ಅನ್ನ ಇಳೀತದೆ ಅಜ್ಜಿ. ಸುಮ್ಮನೆ ದಿಣ್ಣೆ ಹತ್ತಿದರೆ ಊರೋರು ಏನಂದಾರು? ಅದಕ್ಕೇ ಹಸೂನ...”

“ಈ ಊರಲ್ಲಿ ಇಲ್ಲೇ ಹುಟ್ಟಿದ ಸೊಸೆ ಯಾರಿದಾಳೇ? ನಾನು ಬಂದ ಹೊಸದರಲ್ಲಿ ಹಿತ್ತಲ ತುಂಬ ಸೌದೆ ಒಟ್ಟಿದ್ದರೂ ದಿನಾ ಸೌದೆಗೆ ಹೋಗೋಳು. ನಮ್ಮತ್ತೆ, ಇವಳೇನು ಊರಿಗೇ ಕೊಳ್ಳಿ ಇಡ್ತಾಳೋ ಅಂತಿದ್ದಳು.” ಮುದುಕಿ ನಕ್ಕು, ಮೊಣಕಾಲು ಹಿಡಿದು ಎದ್ದಳು. “ಹಸು ತುಂಬಿದ ದಿನದಲ್ಲಿದೆ. ಹೋಗೋದಾದರೆ ನನ್ನ ಕರಿ. ಒಬ್ಬಳೇ ಹೋಗಬೇಡ.”

ಪಾಲಮ್ಮ ಕೆಲವು ದಿನ ತಡೆದಳು. ಹಬ್ಬ ಇನ್ನೇನು ಬಂತೆನ್ನುವಾಗ, ಮನೆಗಳಿಗೆಲ್ಲ ಸುಣ್ಣ ಬಳಿಯುತ್ತಿದ್ದ ದಿನ, ಅವಳ ಕೈ ತಾನಾಗಿ ಗಂಟಿಗೆ ಹೋಯಿತು ಎನ್ನುತ್ತಾರೆ. ಮಾರನಗುಂಟೆಯ ಮನೆಗೆ ಈ ವರ್ಷ ಸುಣ್ಣ ಬಳಿಯುವವರಿಲ್ಲ ಎಂಬ ನೆನಪು ಅವಳನ್ನು ಕೂರಗೊಡಲಿಲ್ಲ. ಹೊಲ ಹೋದೀತೆಂಬುದು ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಿದಳು. ಬೊಮ್ಮಜ್ಜಿ ಕೋಲೂರಿಕೊಂಡು ಹಿಂದೆಯೇ ಬಂದಳು. ನೆತ್ತಿ ಮುಟ್ಟುವಷ್ಟರಲ್ಲಿ ಕೆಂದಿಗೆ ನೋವು ಕಾಣಿಸಿ ಕಲ್ಲಿನ ಮಗ್ಗುಲಲ್ಲಿ ಮಲಗಿತು. ಪಾಲಮ್ಮ ಆ ದಿನ ಹುಣಸೆಮರದ ಕಡೆ ತಿರುಗಿಯೂ ನೋಡಲಿಲ್ಲ. ಕೊರಳಿನ ಕಣ್ಣಿಯನ್ನು ಕಳಚಿ ಕಲ್ಲಿನ ಮೇಲೆಸೆದು, ಮುದುಕಿ ಹೇಳಿದಂತೆ ಕೈ ಹಚ್ಚಿದಳು. ಹಣೆಯಲ್ಲಿ ಬಿಳಿಯ ಬೊಟ್ಟಿದ್ದ ಹೆಣ್ಣುಗರು ಹುಟ್ಟಿತು. ಹಸು ಅದನ್ನು ನೆಕ್ಕುತ್ತಿರುವಾಗಲೇ, ಗೂಟ ಬರಿದಾದ ಸುದ್ದಿ ಕೇಳಿ ಓಬಣ್ಣಗೌಡನೂ ತಿಪ್ಪಯ್ಯನೂ ಕೆಲವರೊಡನೆ ಮೇಲೆ ಬಂದರು.

“ಆಯ್ತಲ್ಲಪ್ಪಾ” ಎಂದ ಗೌಡ, ಬೇಸರದಿಂದಲೇ. “ಹಸು ಒಗ್ಗಲಿಲ್ಲ. ಈಯೋಕೂ ಆ ಕಡೆಗೇ ಹೊರಟಿತ್ತು.”

ಪಾಲಮ್ಮ ಎದ್ದು ನಿಂತಳು. “ಹಸುವಿನ ತಪ್ಪಲ್ಲ ಗೌಡರೇ. ಅದು ಯಾವತ್ತೋ ಒಗ್ಗಿದೆ. ಕಣ್ಣಿ ಬಿಚ್ಚುತ್ತಿದ್ದವಳು ನಾನು.”

ತಿಪ್ಪಯ್ಯ ಕಲ್ಲಿನ ಮೇಲಿದ್ದ ಕಣ್ಣಿಯನ್ನು ನೋಡಿದ, ತನ್ನ ಅಂಗೈಯನ್ನು ನೋಡಿಕೊಂಡ, ಆಮೇಲೆ ಪಡುವಲಿಗೆ ತಿರುಗಿ ಹುಣಸೆಮರದ ತುದಿಯನ್ನು ಬಹಳ ಹೊತ್ತು ನೋಡಿದ.

“ನನಗೊಂದು ಮಾತು ಹೇಳಿದ್ದರೆ ನಾನೂ ಬರುತ್ತಿದ್ದೆನಲ್ಲೇ” ಎಂದ.

ಗೌಡ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. ಹಸುವನ್ನು ಕಟ್ಟಬಾರದು, ಹೊಡೆಯಬಾರದು, ತಾಯಿ ಯಾವ ಕಡೆ ಇಳಿಸುತ್ತಾಳೋ ಆ ಕಡೆ ಇಳಿಯಲಿ ಎಂದ. ಎಲ್ಲರೂ ಹಸುವನ್ನೇ ನೋಡುತ್ತ ನಿಂತರು. ಹಸು ಕರುವನ್ನು ಬಿಟ್ಟು ಕದಲಲಿಲ್ಲ, ಕರುವಿಗೆ ಇನ್ನೂ ನಡೆಯಲು ಕಾಲು ಬಂದಿರಲಿಲ್ಲ. ಆಗ ಪಾಲಮ್ಮ ಬಗ್ಗಿ ಕರುವನ್ನು ಎದೆಗೆತ್ತಿಕೊಂಡಳು. ಎತ್ತಿಕೊಂಡವಳು ಒಂದು ಗಳಿಗೆ ನಿಂತಳು. ಹೊತ್ತು ಇಳಿಯುತ್ತಿತ್ತು. ಒಂದು ಕಡೆ ಹುಣಸೆಮರ, ಇನ್ನೊಂದು ಕಡೆ ಹೊಸದಾಗಿ ಸುಣ್ಣ ಕಂಡ ಗೋಡೆಗಳು, ಅವುಗಳ ನಡುವೆ ಸುಣ್ಣ ಕಾಣದ ಅವಳ ಮನೆ. “ಬಿಸಿಲು ಹೋಗೋದರೊಳಗೆ ಇದಕ್ಕೆ ಹುಲ್ಲು ಹಾಸಬೇಕು” ಎಂದು ತನಗೇ ಎಂಬಂತೆ ಹೇಳಿಕೊಂಡು ಹುರುಳಿಹಾಳಿನ ಕಡೆ ಇಳಿದಳು. ಕೆಂದಿ ಅಂಬಾ ಎನ್ನುತ್ತ ಕಣ್ಣಿಯಿಲ್ಲದ ಕೊರಳಲ್ಲಿ ಅವಳ ಹಿಂದೆ ನಡೆಯಿತು. ತಿಪ್ಪಯ್ಯ ಹಗ್ಗ ಎತ್ತಿಕೊಳ್ಳಲು ಹೋದರೆ ಬೊಮ್ಮಜ್ಜಿ, “ಅಲ್ಲೇ ಇರಲಿ ಬಿಡೋ, ಇನ್ಯಾರಿಗೆ ಅದು” ಎಂದಳಂತೆ.

ಯುಗಾದಿಯಂದು ಗೌಡ ಪಾಲಮ್ಮನ ಮಡಿಲಿಗೆ ಮಣ್ಣು ಹಾಕಿದ. ದಿಣ್ಣೆಯ ಬುಡದ ಹೊಲವನ್ನೇ ಕೊಟ್ಟು, ಅಮ್ಮಯ್ಯ, ನೋಡಬೇಕೆನಿಸಿದಾಗ ಹತ್ತಿ ನೋಡು, ಹಸುವಿನ ನೆಪ ಬೇಕಿಲ್ಲ ಎಂದನೆಂದು ಹೇಳುತ್ತಾರೆ. ಅಂದಿನಿಂದ ಆ ಕಲ್ಲು ಬಿಚ್ಚುಗಣ್ಣಿಯಮ್ಮನಾಯಿತು, ದಿಣ್ಣೆ ಬಿಚ್ಚುಗಣ್ಣಿ ದಿಣ್ಣೆಯಾಯಿತು.

ಈಗಲೂ ನಮ್ಮೂರಿಗೆ ಸೊಸೆ ಬಂದರೆ ಅತ್ತೆಯಾದವಳು ಹಳೆಯ ಕಣ್ಣಿಯೊಂದನ್ನು ಕೈಗೆ ಕೊಟ್ಟು ದಿಣ್ಣೆ ತೋರಿಸುತ್ತಾಳೆ. ಹೋಗುವ ದಿನ ಅವಳ ಇಷ್ಟ. ಏಕೆ ಹೋಗುತ್ತೀ ಎಂದು ಕೇಳುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಬಾ ತಾಯಿ ಎನ್ನಬೇಕು, ಅಷ್ಟೇ. ಶಾಲೆಗೆ ವರ್ಗವಾಗಿ ಬಂದ ಟೀಚರಮ್ಮ ತಮ್ಮ ಸಾಮಾನಿಗೆ ಬಿಗಿದಿದ್ದ ನೈಲಾನ್ ಹಗ್ಗವನ್ನೇ ಸುತ್ತಿ ಬಂದರು. ನೀಲಿ ಬಣ್ಣದ್ದು, ಇನ್ನೂ ಇದೆ. ಮಾರನಗುಂಟೆಯ ಹುಣಸೆಮರ ಬಿದ್ದು ಎಷ್ಟು ಕಾಲವಾಯಿತೋ ತಿಳಿಯದು. ಆದರೂ ಹತ್ತಿದವರು ಪಡುವಲಿಗೆ ಮುಖ ಮಾಡಿ ಸ್ವಲ್ಪ ಹೊತ್ತು ಕೂರುತ್ತಾರೆ. ನೀವು ಹೋದರೆ ಕಲ್ಲಿನ ಸುತ್ತ ಒಮ್ಮೆ ನಡೆದು ನೋಡಿ. ಆಚೆ ಬದಿಗೆ ಕಾರೆಮುಳ್ಳು ಬೆಳೆದು ನಿಂತಿದೆ, ಹೆಜ್ಜೆ ಇಡಲು ಎಡೆಯಿಲ್ಲ. ಈಚೆ ಬದಿಗೆ ಮಾತ್ರ ಒಂದು ಕಾಲುದಾರಿ ಬಿಳುಪಾಗಿ ಸವೆದು, ಹುರುಳಿಹಾಳಿನ ಹಿತ್ತಿಲುಗಳವರೆಗೆ ಇಳಿದಿದೆ.